ಆಫ್ ಮಾಡಬಾರದ ಗಾಡಿ

ಆಸ್ಪತ್ರೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಮಾತ್ರ ಆಫ್ ಮಾಡದೆ ಕೂತಿದ್ದ ಕ್ಲೆಮ್ ಪೆಂಗೆಲ್ಲಿಯನ್ನು ಹೋಗಿಬರುವವರೆಲ್ಲ ಗುರಾಯಿಸುತ್ತಿದ್ದರು. ಊರುಗೋಲಿನ ಮುದುಕನೊಬ್ಬ ಬಂದು ಕಿಟಕಿಯ ಗಾಜಿಗೆ ಬಡಿದೇ ಬಿಟ್ಟ.

“ಏನಪ್ಪಾ, ಒಳಗೆ ಕಾಯಿಲೆಯವರು ಮಲಗಿದಾರೆ. ಅವರಿಗೆ ಹೊಗೆ ಕುಡಿಸ್ಬೇಕು ಅಂತಿದೀಯಾ?”

“ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಮಾರಾಯ.”

“ಬ್ಯಾಟರಿ ಹೋಯ್ತಾ? ನನ್ನ ಹತ್ರ ಕೇಬಲ್ ಇದೆ, ಇರು ತರ್ತೀನಿ.”

“ಬ್ಯಾಟರಿ ಕಲ್ಲುಗುಂಡಿನ ಹಾಗಿದೆ. ಗಾಡಿಗೇ ಮನಸ್ಸಿಲ್ಲ.”

ಇವನಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಮುದುಕ ಒಂದು ಗಳಿಗೆ ನೋಡಿ, ಊರುಗೋಲು ಕುಟ್ಟುತ್ತಾ ಹೊರಟುಹೋದ.

ಎದುರಿನ ಕಿಟಕಿಯ ಹಿಂದೆ ಕ್ಲೆಮ್‌ನ ಹೆಂಡತಿ ನೋಲಾ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಕೂತಿದ್ದಳು. ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರದಲ್ಲಿ ಮೂರು ಸಲ ಇದೇ ಅವಳ ಪಾಡು. ಕೊರಾಡಿನ್ ಎಂಬ ಊರಿನ ಆಚೆಗಿನ ಅವರ ಗೋಧಿ ಹೊಲದಿಂದ ಇಲ್ಲಿಗೆ ಎರಡು ಗಂಟೆಯ ದಾರಿ. ಬರುವುದು ನಿಂತರೆ ಅವಳು ಉಳಿಯುವುದು ಒಂದೆರಡು ವಾರ ಮಾತ್ರ ಎಂದು ಡಾಕ್ಟರು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ದಾರಿಯ ಕುಲುಕಾಟ ಅವಳ ಬೆನ್ನಿಗೆ ತಾಗದಿರಲಿ ಎಂದೇ ಕ್ಲೆಮ್ ಹಳೆಯ ಗಾಡಿಯನ್ನು ಕೊಟ್ಟು ಈ ಹೊಸ ಡೀಸೆಲ್ ಗಾಡಿ ತಂದಿದ್ದ.

ಈ ಕಾಲದ ಡೀಸೆಲ್ ಗಾಡಿಗೆ ಡೀಸೆಲ್ ಒಂದೇ ಸಾಲದು. ಅದರ ಹೊಗೆ ತೊಳೆಯುವುದಕ್ಕೆ ಇನ್ನೊಂದು ಟ್ಯಾಂಕಿನಲ್ಲಿ ಯೂರಿಯಾ ನೀರು ತುಂಬಿಸಬೇಕು. ಅದು ಮುಗಿದರೆ, ಇಲ್ಲವೇ ಕೆಟ್ಟರೆ, ಗಾಡಿ ಮುಷ್ಕರ ಹೂಡುತ್ತದೆ. ಇನ್ನಿಷ್ಟು ಕಿಲೋಮೀಟರ್ ಆದ ಮೇಲೆ ಸ್ಟಾರ್ಟ್ ಆಗುವುದಿಲ್ಲ ಎಂದು ಮುಂಚಿತವಾಗಿ ನೋಟಿಸ್ ಬೇರೆ. ದುಡ್ಡು ಕೊಟ್ಟು ತಂದ ಮಾಲೀಕನ ಮೇಲಿಲ್ಲದ ನಿಷ್ಠೆ ಅದಕ್ಕೆ ಹೊಗೆಯ ಕಾನೂನು ಮಾಡಿದ ಸರ್ಕಾರದ ಮೇಲೆ.

ಆ ಸೀಮೆಯಲ್ಲಿ ಜೂನ್, ಜುಲೈಗೆ ಬರುವ ಚಳಿಗಾಲದಲ್ಲಿ ಆ ನೀರು ಸುತ್ತಮುತ್ತ ಯಾವ ಬಂಕಿನಲ್ಲೂ ಸಿಗದಂತಾದಾಗ ಕ್ಲೆಮ್ ನಕ್ಕಿದ್ದ. ಗೋಧಿಗೆ ಎರಚಲು ತಂದ ಯೂರಿಯಾ ಅವನ ಶೆಡ್ಡಿನಲ್ಲಿ ರಾಶಿ ಬಿದ್ದಿತ್ತು. ಛಾವಣಿಯಿಂದ ಇಳಿದ ಮಳೆನೀರು ಟ್ಯಾಂಕಿನಲ್ಲಿ ಬೇಕಾದಷ್ಟಿತ್ತು. ಮುರಿದ ಕೊಯ್ಲು ಯಂತ್ರಕ್ಕೆ ಬೇಲಿ ತಂತಿ ಸುತ್ತಿ ಇಡೀ ಸುಗ್ಗಿ ಮುಗಿಸಿದ ಕೈ ಅವನದು. ಬಕೆಟ್ಟಿನಲ್ಲಿ ಎರಡನ್ನೂ ಕಲಸಿ, ನೋಲಾಳ ಹಳೆಯ ಕಾಲುಚೀಲದಲ್ಲಿ ಸೋಸಿ ಹುಯ್ದ. ಆದರೆ ಹೊಲದ ಯೂರಿಯಾ ಗಂಟು ಕಟ್ಟದಿರಲೆಂದು ಬೆರೆಸಿದ್ದು ಏನೋ ಒಂದು ಎಂಜಿನ್ನಿನ ಹೊಟ್ಟೆಗೆ ಹೋಗಿ, ಕೊಳವೆಯೊಳಗೆಲ್ಲ ಬಿಳಿ ಹರಳು ಕಟ್ಟಿತು. ಕೆಲವು ದಿನ ಸುಮ್ಮನಿದ್ದ ಗಾಡಿ ಆಮೇಲೆ ನೋಟಿಸ್ ಕೊಟ್ಟಿತು. ಕಿಲೋಮೀಟರ್ ಇಳಿಯುತ್ತಾ ಇಳಿಯುತ್ತಾ ಇವತ್ತು ಬರುವಾಗ ನಡುದಾರಿಯಲ್ಲಿ ಸೊನ್ನೆಗೆ ಬಂತು. ಒಳಗಿನದೆಲ್ಲ ಬದಲಿಸಬೇಕು, ಸಾಮಾನು ಬರುವಷ್ಟರಲ್ಲಿ ಕ್ರಿಸ್‌ಮಸ್ ಆದೀತು ಎಂದು ಮೆಕ್ಯಾನಿಕ್ ಫೋನಿನಲ್ಲೇ ಹೇಳಿ ಕೈತೊಳೆದುಕೊಂಡ.

ನೋಲಾ ತೋಳಿನ ಬ್ಯಾಂಡೇಜು ಒತ್ತಿಕೊಂಡು ಹೊರಗೆ ಬಂದಾಗ ಮಧ್ಯಾಹ್ನ ಕಳೆದಿತ್ತು.

“ಅಲ್ಲಿಂದ ನೋಡ್ತಾನೇ ಇದ್ದೆ. ಒಂದ್ಸಲನಾದ್ರೂ ಇಳಿಬಾರ್ದಾ?”

“ಯಾರಾದ್ರೂ ಪುಣ್ಯಾತ್ಮರು ಒಳಗೆ ಕೈ ಹಾಕಿ ಆಫ್ ಮಾಡ್ಬಿಟ್ರೆ?”

“ಮತ್ತೆ ಒಂದಕ್ಕೆ?”

“ಬಾಟ್ಲಿ ಇತ್ತು.”

ಅವಳು ನಕ್ಕಳು. ನಗುವಾಗ ಪಕ್ಕೆ ಹಿಡಿದುಕೊಂಡಳು. ಊರು ದಾಟಿ, ರಸ್ತೆಯ ಎರಡೂ ಕಡೆ ಕನೋಲಾ ಎಣ್ಣೆಬೀಜದ ಬೆಳೆ ಹಳದಿ ಹೂ ಬಿಟ್ಟು ನಿಂತ ಹೊಲಗಳ ನಡುವೆ ಗಾಡಿ ಬಹಳ ದೂರ ಓಡಿತು.

“ಕ್ಲೆಮ್, ನಾನಿನ್ನು ಬರಲ್ಲ,” ಎಂದಳು ನೋಲಾ.

“ಬುಧವಾರಕ್ಕೆ ಪಕ್ಕದ್ಮನೆ ಕೇಯ್‌ನ ಕೇಳೋಣ. ಅವಳು ಇಲ್ಲ ಅನ್ನಲ್ಲ.”

“ಗಾಡಿ ವಿಷ್ಯ ಅಲ್ಲ ಕಣೋ ನಾನು ಹೇಳ್ತಿರೋದು.”

ಅದು ಅವನಿಗೆ ಮೊದಲ ಮಾತಿನಲ್ಲೇ ಗೊತ್ತಾಗಿತ್ತು. ಗೊತ್ತಾಗದವನಂತೆ ಇನ್ನೂ ಸ್ವಲ್ಪ ದೂರ ಓಡಿಸೋಣ ಎಂದುಕೊಂಡಿದ್ದ, ಅಷ್ಟೇ.

“ನನ್ನಿಂದಾನೇ ಆಗಿದ್ದು. ನನ್ನ ಆ ಹಾಳು ಬಕೆಟ್ಟು.”

“ನಿನ್ನ ಬಕೆಟ್ಟಿಗೆ ಅಷ್ಟೊಂದು ಮರ್ಯಾದೆ ಕೊಡ್ಬೇಡ. ಬೇಸಿಗೇಲೇ ಹೇಳ್ಬೇಕು ಅಂತಿದ್ದೆ, ಸಾಕಾಗಿದೆ ಅಂತ. ಅಷ್ಟ್ರಲ್ಲಿ ನೀನು ಈ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸ್ದೆ. ಸೀಟು ಹಿಂದಕ್ಕೆ ಬಾಗುತ್ತೆ ನೋಡು, ಬೆಚ್ಚಗೆ ಬೇರೆ ಆಗುತ್ತೆ ನೋಡು ಅಂತ ಏನ್ ಖುಷಿ ನಿಂಗೆ. ಹೇಗೆ ಹೇಳ್ಲಿ?”

ಅವನು ರಸ್ತೆಯನ್ನೇ ನೋಡುತ್ತಾ ಓಡಿಸಿದ. ಇಷ್ಟು ತಿಂಗಳು ಅವಳು ಬದುಕುವ ಆಸೆಗೆ ಬರುತ್ತಿದ್ದಾಳೆ ಎಂದುಕೊಂಡಿದ್ದ. ಅವಳು ಬರುತ್ತಿದ್ದುದು ಅವನ ಸೀಟಿನ ಸಲುವಾಗಿ.

ಮನೆಗೆ ಬಂದವನು ಎಂಜಿನ್ ಆಫ್ ಮಾಡಲಿಲ್ಲ. ಗಾಡಿಯನ್ನು ಅಂಗಳದಲ್ಲಿ ಹಾಗೇ ಗುರುಗುಟ್ಟಲು ಬಿಟ್ಟು, ಹೊಲದ ಯಂತ್ರಗಳಿಗೆಂದು ಶೆಡ್ಡಿನಲ್ಲಿಟ್ಟಿದ್ದ ಡೀಸೆಲ್ಲನ್ನು ಡಬ್ಬದಲ್ಲಿ ತಂದು ತುಂಬಿಸಿದ. ಊಟಕ್ಕೆ ಕೂತಾಗಲೂ ಅವನ ಒಂದು ಕಿವಿ ಅಂಗಳದಲ್ಲೇ ಇತ್ತು. ಸದ್ದು ಒಂಚೂರು ಏರುಪೇರಾದರೂ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ.

ಮಂಗಳವಾರ ಕೇಯ್ ಕುರಿಮಾಂಸದ ಪಾತ್ರೆ ಹಿಡಿದುಕೊಂಡು ಬಂದಳು. ನಲವತ್ತು ದಾಟಿದ ಗಟ್ಟಿ ಹೆಂಗಸು, ಮಾತಿಗೆ ಸುತ್ತುಬಳಸು ಇಟ್ಟುಕೊಂಡವಳಲ್ಲ.

“ನಾಳೆ ನಾನು ಕರ್ಕೊಂಡು ಹೋಗ್ತೀನಿ. ನಂದು ಪೆಟ್ರೋಲು ಗಾಡಿ, ಅದಕ್ಕೆ ಈ ರಗಳೆ ಒಂದೂ ಇಲ್ಲ.”

“ಬೇಡಮ್ಮ,” ಎಂದಳು ನೋಲಾ. “ಹೋಗೋದನ್ನ ನಾನು ನಿಲ್ಲಿಸ್ದೆ.”

ಕೇಯ್ ಕ್ಲೆಮ್‌ನ ಮುಖ ನೋಡಿದಳು. ಅವನು ನೆಲ ನೋಡಿದ. ಕೇಯ್ ಅಲ್ಲೇ ಕುರ್ಚಿ ಎಳೆದುಕೊಂಡು ಕೂತು, ನೋಲಾಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಬಿಡಲಿಲ್ಲ. ಹೋಗುವಾಗ ಅಂಗಳದಲ್ಲಿ ನಿಂತು, “ಇದನ್ಯಾಕೆ ಇನ್ನೂ ಆಫ್ ಮಾಡಿಲ್ಲ ಕ್ಲೆಮ್?” ಎಂದಳು.

“ಬೆಳಿಗ್ಗೆ ಎದ್ದು ಮನಸ್ಸು ಬದಲಾಯಿಸಿದ್ರೆ? ಆಗ ಗಾಡಿ ಇಲ್ಲ ಅನ್ನೋ ಹಾಗಿರಬಾರ್ದಲ್ಲ.”

“ನಾನಿದೀನಲ್ಲ, ಫೋನ್ ಮಾಡಿದ್ರೆ ಆಯ್ತು.”

ಅದು ಅವನಿಗೂ ಗೊತ್ತಿತ್ತು. ಆದರೂ ಅವಳು ಹೋದ ಮೇಲೆ ಇನ್ನೊಂದು ಡಬ್ಬ ಡೀಸೆಲ್ ಹುಯ್ದ. ಹುಚ್ಚುತನವೇ ಸರಿ. ಆದರೆ ಆ ಸದ್ದು ಇರುವ ತನಕ ಬುಧವಾರ ಬಂದರೂ ಏನೂ ಆಗುವುದಿಲ್ಲ ಎಂದು ಅವನಿಗೆ ಅನಿಸಿಬಿಟ್ಟಿತ್ತು.

ಬುಧವಾರ ಬೆಳಿಗ್ಗೆ ಗಾಡಿಯ ಸೀಟು ಬೆಚ್ಚಗೆ ಮಾಡಿ, ಹಿಂದಕ್ಕೆ ಬಾಗಿಸಿ, ಅವಳ ಕಂಬಳಿ ಹಾಸಿಟ್ಟ. ದಾರಿಗೆ ಡೀಸೆಲ್ ಸಾಲದೇನೋ ಎಂದು ಡಬ್ಬ ಹಿಡಿದು ಶೆಡ್ಡಿಗೆ ಹೋದ. ಡಬ್ಬ ಅರ್ಧ ತುಂಬಿರಬೇಕು, ಸದ್ದು ನಿಂತಿತು. ಬೇಲಿಯಾಚೆ ಕಾಕಟೂ ಗಿಳಿಗಳು ಕಿರುಚುವುದು ಎರಡು ದಿನದ ಮೇಲೆ ಮೊದಲ ಸಲ ಅವನ ಕಿವಿಗೆ ಬಿತ್ತು. ಎಂಜಿನ್ ತಾನಾಗಿ ಸತ್ತಿತು ಎಂದುಕೊಂಡು ಡಬ್ಬ ಹಿಡಿದೇ ಓಡಿದ.

ನೋಲಾ ರಾತ್ರಿಯ ಗೌನಿನಲ್ಲೇ ಚಾಲಕನ ಸೀಟಿನಲ್ಲಿ ಕೂತಿದ್ದಳು. ಬಾಗಿಲು ತೆರೆದಿತ್ತು. ಬೀಗದ ಕೈ ಅವಳ ಕೈಯಲ್ಲಿತ್ತು.

“ನಾನೇ ಮಾಡ್ದೆ,” ಎಂದಳು.

ಅವನು ಕೀ ಇಸಿದುಕೊಂಡು, ಅವಳ ಮೇಲಿಂದ ಕೈ ಚಾಚಿ ತಿರುಗಿಸಿದ. ದೀಪಗಳೆಲ್ಲ ಹೊತ್ತಿಕೊಂಡವು, ಎಂಜಿನ್ ಮಾತ್ರ ಮಿಸುಕಲಿಲ್ಲ. ಇನ್ನೊಂದು ಸಲ ತಿರುಗಿಸಿದ. ಮತ್ತೊಂದು ಸಲ. ಅವಳು ತಡೆಯಲಿಲ್ಲ, ಅವನಿಗೆ ಸಾಕಾಗುವ ತನಕ ಕಾದಳು. ಅವನು ಬಾಗಿಲು ಹಿಡಿದು ಅಳತೊಡಗಿದಾಗ ಅವನ ತಲೆಗೂದಲಲ್ಲಿ ಕೈಯಾಡಿಸಿದಳು.

“ಎರಡು ದಿನ ಆಯ್ತು ಕ್ಲೆಮ್, ನೀನು ಇದರ ಪಕ್ಕದಲ್ಲೇ ಇದೀಯ. ನನಗಿರೋದು ಸ್ವಲ್ಪ ದಿನ. ಒಳಗೆ ಬಾ, ನನ್ನ ಪಕ್ಕ ಕೂತ್ಕೋ.”