ಅನುವಾದಕಿ ಬಿಟ್ಟ ಮಾತು

ನ್ಯಾಯಾಧೀಶರು ಮೂರನೇ ಬಾರಿ ಅದೇ ಪ್ರಶ್ನೆ ಕೇಳಿದರು. ಬಾಗಿಲಿಗೆ ಬೀಗ ಇರಲಿಲ್ಲ ಎಂದು ನೀನೇ ಹೇಳಿದ್ದೀ, ಹಾಗಾದರೆ ಓಡಿ ಹೋಗಲಿಲ್ಲ ಏಕೆ? ಅನುವಾದಕಿ ಸುಗಂಧಿ ಅದನ್ನು ಊರಿನ ಮಾತಿನಲ್ಲಿ ಕಟಕಟೆಯಲ್ಲಿದ್ದ ಜೈನಬಾಳಿಗೆ ದಾಟಿಸಿದಳು. ಜೈನಬಾ ಈ ಸಲವೂ ಬಾಯಿ ಬಿಡಲಿಲ್ಲ. ನೆಲ ನೋಡುತ್ತ ಕೂತಿದ್ದಳು, ಬಲಗೈ ಮಾತ್ರ ಮಡಿಲಲ್ಲಿ ಮೆಲ್ಲಗೆ ಸುತ್ತುತ್ತಿತ್ತು, ಸೌಟು ಹಿಡಿದು ದೊಡ್ಡ ಪಾತ್ರೆ ತಿರುವುವವರ ಹಾಗೆ. ಬೆಳಗಿನಿಂದ ಅದು ಒಮ್ಮೆಯೂ ನಿಂತಿರಲಿಲ್ಲ.

ಹೊರಗೆ ಮಧ್ಯಾಹ್ನ ಹನ್ನೆರಡು ಗಂಟೆ, ಆದರೂ ಕಾರುಗಳು ದೀಪ ಹಚ್ಚಿಕೊಂಡು ಓಡಾಡುತ್ತಿದ್ದವು. ಗಾಳಿ ತಿರುಗಿದ ದಿನ ಉರಿಯುತ್ತಿದ್ದ ಎಣ್ಣೆ ಬಾವಿಗಳ ಹೊಗೆ ಹೀಗೆಯೇ ಕುವೈತ್ ಸಿಟಿಯ ಮೇಲೆ ಕೂತುಬಿಡುತ್ತಿತ್ತು. ಯುದ್ಧ ಮುಗಿದು ಮೂರು ತಿಂಗಳಾದರೂ ಹಗಲಿನ ಮೇಲೆ ಯಾರಿಗೂ ನಂಬಿಕೆ ಬಂದಿರಲಿಲ್ಲ. ಕೋರ್ಟಿನ ಜನರೇಟರ್ ಸುಸ್ತಾದಾಗಲೆಲ್ಲ ಟ್ಯೂಬ್‌ಲೈಟು ಆರುತ್ತಿತ್ತು. ಆಗ ಕಟಕಟೆಯಲ್ಲಿದ್ದವಳೂ ಪೀಠದ ಮೇಲಿದ್ದವರೂ ಕಾಣದೆ ಬರೀ ಉಸಿರಾಟ ಕೇಳುತ್ತಿತ್ತು.

ಜೈನಬಾ ಉಳ್ಳಾಲದವಳು, ಅಬು ಹಲೀಫಾದ ಮನೆಯೊಂದರಲ್ಲಿ ಅಡುಗೆಯವಳು. ಕಳೆದ ಆಗಸ್ಟಿನಲ್ಲಿ ಇರಾಕಿ ಸೈನ್ಯ ನುಗ್ಗಿದಾಗ ಕಫೀಲ್, ಅಂದರೆ ಅವಳನ್ನು ವೀಸಾ ಕೊಟ್ಟು ಕರೆಸಿಕೊಂಡ ಯಜಮಾನ, ಸಂಸಾರ ಸಮೇತ ಸೌದಿಗೆ ಹೋದ. ಅವಳ ಪಾಸ್‌ಪೋರ್ಟನ್ನು ನೆನಪಿಟ್ಟು ಜೇಬಿಗೆ ಹಾಕಿಕೊಂಡ ಪುಣ್ಯಾತ್ಮ ಅವಳನ್ನು ಮಾತ್ರ ಮರೆತ. ಖಾಲಿ ಮನೆಗೆ ಸೈನಿಕರು ಬಂದು ಕೂತರು. ಏಳು ತಿಂಗಳು ಅವರಿಗೆ ಬೇಯಿಸಿ ಹಾಕಿದ್ದು ಈಗ ಶತ್ರುವಿಗೆ ನೆರವಾದ ಅಪರಾಧ, ಸಾಬೀತಾದರೆ ಹತ್ತು ವರ್ಷ ಜೈಲು. ಬೀಗವಿಲ್ಲದ ಬಾಗಿಲು ಕೋರ್ಟಿಗೆ ದೊಡ್ಡ ಸಾಕ್ಷಿಯಾಗಿತ್ತು. ಆ ಬಾಗಿಲಿನ ಆಚೆ ಏನಿತ್ತು ಎಂದು ಯಾರೂ ಕೇಳಲಿಲ್ಲ.

ಸುಗಂಧಿ ಉಡುಪಿ ಕಡೆಯವಳು, ನಗರದ ಮಿರ್ಕಾಬ್ ಬಡಾವಣೆಯ ವಕೀಲರೊಬ್ಬರ ಕಚೇರಿಯಲ್ಲಿ ಹನ್ನೆರಡು ವರ್ಷದಿಂದ ಟೈಪಿಸ್ಟ್. ಠಾಣೆಯಲ್ಲಿ ಜೈನಬಾಳ ಹೇಳಿಕೆಯನ್ನು ಅರಬ್ಬಿಗೆ ತಿರುಗಿಸಿ ಟೈಪ್ ಮಾಡಿದವಳೂ ಅವಳೇ. ಅಂದು ಜೈನಬಾ ಒಂದೂ ಬಿಡದೆ ಹೇಳಿದ್ದಳು: ಒಬ್ಬ ಸಾರ್ಜೆಂಟ್, ಉಗ್ರಾಣದ ಕೋಣೆ, ವಾರಕ್ಕೆ ಎಷ್ಟು ಸಲ. ಸುಗಂಧಿಯ ಬೆರಳು ನಿಂತುಹೋಗಿತ್ತು. ನಮ್ಮ ಕಡೆಯ ಹೆಣ್ಣು, ಊರಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ಇಂಥ ಕಾಗದದ ಸುದ್ದಿ ಮಂಗಳೂರು ಮುಟ್ಟಲು ಎಷ್ಟು ಹೊತ್ತು? ಊರಿನಲ್ಲಿ ಹಿರಿಯರು ಹೆಣ್ಣುಮಕ್ಕಳ ಇಂಥ ಸಂಗತಿಗಳನ್ನು ಮುಚ್ಚಿಹಾಕಿ ಅದನ್ನೇ ಮರ್ಯಾದೆ ಎನ್ನುತ್ತಿದ್ದರು. ಅವಳೂ ಹಾಗೆಯೇ ಮಾಡಿದಳು. ಸೈನಿಕರು ನನಗೆ ಯಾವ ತೊಂದರೆಯನ್ನೂ ಕೊಡಲಿಲ್ಲ ಎಂದು ಟೈಪ್ ಮಾಡಿ, ಜೈನಬಾಳ ಹೆಬ್ಬೆಟ್ಟು ಒತ್ತಿಸಿದಳು. ದೊಡ್ಡ ಉಪಕಾರ ಮಾಡಿದೆನೆಂದು ಆ ದಿನ ನೆಮ್ಮದಿಯಿಂದ ಊಟವನ್ನೂ ಮಾಡಿದ್ದಳು.

ಈಗ ಗುಮಾಸ್ತ ಆ ಸಾಲನ್ನೇ ಗಟ್ಟಿಯಾಗಿ ಓದಿದ. ಜೈನಬಾಳಿಗೆ ಗೊತ್ತಿದ್ದದ್ದು ಅಡುಗೆಮನೆಯ ಅರಬ್ಬಿ, ಕೋರ್ಟಿನದಲ್ಲ. ತೊಂದರೆಯೇ ಇರದಿದ್ದರೆ ಮನಸಾರೆ ಬೇಯಿಸಿ ಹಾಕಿದ ಹಾಗಾಯಿತಲ್ಲ ಎಂದರು ನ್ಯಾಯಾಧೀಶರು. ಅಷ್ಟರಲ್ಲಿ ದೀಪ ಆರಿತು, ಯಾರೋ ಜನರೇಟರಿನ ಕಡೆ ಓಡಿದರು.

ಆ ಕತ್ತಲೆಯಲ್ಲಿ ಸುಗಂಧಿ ಬಗ್ಗಿದಳು. "ಜೈನಬಾ, ಆ ಸಾರ್ಜೆಂಟಿನ ವಿಷಯ ನಾನು ಬರೆಯಲೇ ಇಲ್ಲ. ನಿನ್ನ ಮಾನ ಹೋಗುದು ಬೇಡ ಅಂತ ಬಿಟ್ಟೆ."

ಬಟ್ಟೆಯ ಮೇಲೆ ಕೈ ಸುತ್ತುತ್ತಿದ್ದ ಸದ್ದು ನಿಂತಿತು.

"ಬರೀಲಿಲ್ವಾ?" ಎಂದಳು ಜೈನಬಾ. "ಎಲ್ಲ ಗೊತ್ತಿದ್ದೂ ಇವರು ಹೀಗೆ ಕೇಳುದು ಅಂತ ಗ್ರಹಿಸಿದ್ದೆ ಅಕ್ಕ. ಇನ್ನು ಎಂತ ಹೇಳುದು ಅಂತ ಸುಮ್ಮನೆ ಕೂತದ್ದು."

ಎರಡು ತಿಂಗಳಿಂದ ಈ ಹೆಂಗಸು, ಎಲ್ಲವನ್ನೂ ತಿಳಿದವರ ಎದುರು ಕೂತಿದ್ದೇನೆ ಎಂದುಕೊಂಡೇ ಕೂತಿದ್ದಳು. ಈಗ ಹೇಳಲಾ ಎಂದು ಸುಗಂಧಿ ಕೇಳಿದಳು. ಠಾಣೆಯಲ್ಲೇ ಕೇಳಬೇಕಾಗಿದ್ದ ಪ್ರಶ್ನೆ ಅದು.

"ಹೇಳಿ. ಮಾನ ನಂದಲ್ವಾ, ಅದನ್ನು ನೀವು ಎಂತಕ್ಕೆ ಮುಚ್ಚಿಟ್ಟದ್ದು?"

ದೀಪ ಬಂತು. ಸುಗಂಧಿ ಎದ್ದು ನಿಂತು, ಆ ಸಾಲು ಜೈನಬಾಳದ್ದಲ್ಲ, ತಾನೇ ಸೇರಿಸಿದ್ದು ಎಂದಳು. ಸುಳ್ಳು ಅನುವಾದಕ್ಕೂ ಜೈಲಿದೆ, ತಿಳಿದಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ತಿಳಿದಿದೆ ಎಂದಳು. ಹಾಗಾದರೆ ಆಕೆ ನಿಜಕ್ಕೂ ಹೇಳಿದ್ದನ್ನು ಈಗ ಹೇಳು ಎಂದರು.

ಹೇಳಿಕೆ ಕೊಟ್ಟವರ ಮಾತನ್ನು ಅನುವಾದಕಿ ‘ನಾನು’ ಎಂದೇ ಹೇಳಬೇಕು, ‘ಅವಳು’ ಎನ್ನುವ ಹಾಗಿಲ್ಲ, ಅದು ಆ ಕೋರ್ಟಿನ ಕ್ರಮ. ಸುಗಂಧಿ ಅರಬ್ಬಿಯಲ್ಲಿ ಶುರು ಮಾಡಿದಳು. "ಮೊದಲನೇ ದಿನ ನಾನು ಕೂಗಿದೆ. ಬೀದಿಯ ಮನೆಗಳೆಲ್ಲ ಖಾಲಿ ಇದ್ದವು. ಅವನು ತಾನೇ ಎದ್ದು ಹೋಗಿ ಕಿಟಕಿ ತೆರೆದ. ಇನ್ನೂ ಕೂಗು ಎಂದ."

ಗುಮಾಸ್ತನ ಪೆನ್ನು ನಿಂತಿತು. ಬೆಂಚಿನ ಗಂಡಸರು ಒಬ್ಬೊಬ್ಬರಾಗಿ ಸುಗಂಧಿಯ ಕಡೆ ತಿರುಗಿದರು, ಮುಖ ಬಿಟ್ಟು ಸೀರೆಯ ನೆರಿಗೆಯವರೆಗೂ ನೋಡಿದರು. ಹನ್ನೆರಡು ವರ್ಷ ಅವಳ ಕೈಯ ಚಹಾ ಕುಡಿದಿದ್ದ, ಪಕ್ಕದಲ್ಲೇ ಕೂತಿದ್ದ ಅವಳ ಕಚೇರಿಯ ವಕೀಲರು ತಮ್ಮ ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡರು. ಜೈನಬಾಳನ್ನು ಯಾರೂ ನೋಡುತ್ತಿರಲಿಲ್ಲ. ಸೆರಗು ಎಳೆದುಕೊಳ್ಳಲು ಎತ್ತಿದ ಕೈಯನ್ನು ಸುಗಂಧಿ ಕೆಳಗಿಳಿಸಿದಳು, ಮುಂದಿನ ವಾಕ್ಯವನ್ನೂ ‘ನಾನು’ ಎಂದೇ ಶುರು ಮಾಡಿದಳು.