ಏಳು ಕೋಟು ವಾರ್ನಿಶ್

ಸರ್ರ್ ಅನ್ನುತ್ತಿದ್ದ ಉಪ್ಪುಕಾಗದ ಈಗ ಸೊರ್ರ್ ಅನ್ನುತ್ತಿದೆ, ಅಂದರೆ ವಾರ್ನಿಶ್ ತೆಳುವಾಯಿತು, ಮರ ಹತ್ತಿರ ಬಂತು, ಮೂವತ್ತು ವರ್ಷ ಬಾಗಿಲು ಮೇಜು ಕಪಾಟುಗಳಿಗೆ ಪಾಲಿಶ್ ಹೊಡೆದವಳ ಕಿವಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ — ಆದರೆ ಹೊಡೆಯುವುದು ಬೇರೆ, ಕೀಳುವುದು ಬೇರೆ, ಅದೂ ತಾನೇ ಹೊಡೆದದ್ದನ್ನು. ಮೇಜಿನ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಅಣ್ಣನ ಬೇಸ್ ಗಿಟಾರು ಬೋರಲು ಮಲಗಿದೆ, ನಾಲ್ಕು ದಪ್ಪ ತಂತಿಗಳು ಸುರುಳಿಯಾಗಿ ಡಬ್ಬಿ ಸೇರಿವೆ, ಬೆರಳೊತ್ತುವ ಪಟ್ಟಿಯ ಅಂಚಿಗೆಲ್ಲ ಟೇಪು, ಬಯಲಾಗಿರುವುದು ಕತ್ತಿನ ಹಿಂಭಾಗ ಒಂದೇ, ಹೆಬ್ಬೆರಳು ಓಡಾಡುವ ಜಾಗ. ಉದ್ದಕ್ಕೆ, ಎಳೆಯ ಗುಂಟ, ಅಡ್ಡಡ್ಡ ಉಜ್ಜಿದರೆ ಕೈ ಮುರಿದುಬಿಡ್ತೀನಿ ಅನ್ನುತ್ತಿದ್ದರು ಕೆಲಸ ಕಲಿಸಿದ ಮೇಸ್ತ್ರಿ, ಹೊಳಪಲ್ಲಿ ಮುಖ ಕಾಣಬೇಕು ಕಣಮ್ಮ, ಮುಖ ಕಾಣೋವರೆಗೂ ಬಿಡಬೇಡ ಅಂದವರೂ ಅವರೇ, ಅವಳು ಬಿಟ್ಟಿರಲಿಲ್ಲ. ಆಗಿನ್ನೂ ಇಪ್ಪತ್ತೊಂದು, ಕೆಲಸ ಕಲಿತ ಹೊಸತು, ಅಣ್ಣ ಎಲ್ಲಿಂದಲೋ ಮೈಯೆಲ್ಲ ಸುಲಿದುಹೋದ ಈ ಗಿಟಾರನ್ನು ಹೊತ್ತು ತಂದು, ಏನಾದ್ರೂ ಮಾಡೇ ಇದಕ್ಕೆ ಅಂದ, ಮಾಡಿದಳು, ಊಟದ ಮೇಜಿಗೆ ಮಾಡುವ ಹಾಗೆ, ಒಂದಲ್ಲ ಎರಡಲ್ಲ ಏಳು ಕೋಟು, ಕತ್ತಿಗೂ ಅಷ್ಟೇ, ಅಣ್ಣನ ಗಿಟಾರಿಗೆ ಜಿಪುಣತನ ಮಾಡುತ್ತಾರೆಯೇ. ಸಂಗೀತದ ಗಂಧವೇ ಇಲ್ಲದವಳಿಗೆ ಕತ್ತು ಅಂದರೆ ಒಂದು ಉದ್ದನೆಯ ಮರದ ತುಂಡು, ಅಷ್ಟೆ.

ಧೂಳು ಇನ್ನೂ ಬೆಳ್ಳಗಿದೆ, ಬಿಳಿ ಅಂದರೆ ವಾರ್ನಿಶ್, ಹಳದಿಗೆ ತಿರುಗಿದರೆ ಮರ — ಈಗ ಇದನ್ನು ನುಡಿಸುವ ಅಣ್ಣನ ಮಗಳು ಮೊನ್ನೆ ಬಂದು ಹೇಳಿದ್ದು ಎಷ್ಟು ಸಲೀಸಾಗಿ, ಅತ್ತೆ, ಇದು ಕೈಗೆ ಅಂಟುತ್ತೆ, ಬೆವರು ಬಂದ್ರಂತೂ ಹೆಬ್ಬೆರಳು ಮುಂದಕ್ಕೇ ಹೋಗಲ್ಲ, ವಾರ್ನಿಶ್ ತೆಗೆದುಕೊಡ್ತೀರಾ. ಅಂಟುತ್ತಾ? ನಿಮ್ಮಪ್ಪ ಇಪ್ಪತ್ತೆಂಟು ವರ್ಷ ಇದನ್ನೇ ನುಡಿಸಿದ, ಒಂದಿನ ಹಾಗಂದಿಲ್ಲ. ಹುಡುಗಿ ನಕ್ಕಳು, ಮತ್ತೆ ಹಾಡು ಹಾಡಿಗೂ ಪ್ಯಾಂಟಿಗೆ ಕೈ ಒರೆಸ್ಕೋತಿದ್ರಲ್ಲ, ಯಾಕೆ ಅಂದ್ಕೊಂಡಿದ್ರಿ? ಯಾಕೆ ಅಂದರೆ — ಗತ್ತಿಗೆ ಅಂದುಕೊಂಡಿದ್ದಳು. ಪ್ರತಿ ಹಾಡಿಗೆ ಮುಂಚೆ ಎಡ ಅಂಗೈಯನ್ನು ಎಡ ತೊಡೆಗೆ ಒಂದು ಸಲ ಉಜ್ಜಿ ಆಮೇಲೆ ಕತ್ತು ಹಿಡಿಯುತ್ತಿದ್ದ, ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಪಕ್ಕದವರಿಗೆ ಮೊಣಕೈ ತಿವಿದು ನೋಡಿ ನೋಡಿ ಈಗ ಒರೆಸ್ತಾನೆ ಅನ್ನುತ್ತಿದ್ದಳಲ್ಲ, ದಡ್ಡಿ. ಅಮ್ಮ ಗೊಣಗುತ್ತಿದ್ದಳು, ಎಲ್ಲಾ ಪ್ಯಾಂಟೂ ಎಡಗಡೆನೇ ಯಾಕೋ ಸವೆಯುತ್ತೆ ನಿಂದು, ಆ ತೊಡೆಗೆ ತೇಪೆ ಹಾಕಿದ್ದೂ ಇವಳೇ, ಒಂದಲ್ಲ ಮೂರು ಪ್ಯಾಂಟಿಗೆ. ಅಣ್ಣನ ತಂಡದ ಡ್ರಮ್ಮಿನವನು ಒಮ್ಮೆ ಅಂದಿದ್ದ, ನಿಮ್ಮಣ್ಣ ವೇಗದ ಹಾಡಲ್ಲಿ ಯಾಕೋ ಅರ್ಧ ಹೆಜ್ಜೆ ಹಿಂದೆ ಬೀಳ್ತಾನೆ, ಆಮೇಲೆ ವೇಗದ ಹಾಡಿಗೆ ಬೇರೆಯವನು ಬಂದ, ಅಣ್ಣನಿಗೆ ಉಳಿದದ್ದು ನಿಧಾನದವು, ನಂಗೂ ಅದೇ ಇಷ್ಟ ಬಿಡೇ, ಓಡೋಕೆ ಏನು ಬಸ್ಸು ತಪ್ಪುತ್ತಾ ಅಂದ, ನಂಬಿದಳು. ಮೇಲಾಗಿ ಕಂಡ ಕಂಡವರಿಗೆಲ್ಲ ಗಿಟಾರಿನ ಬೆನ್ನು ತಿರುಗಿಸಿ ತೋರಿಸುತ್ತಿದ್ದ, ನನ್ನ ತಂಗಿ ಹೊಡೆದದ್ದು, ನೋಡಿ, ಮುಖ ಕಾಣುತ್ತೆ.

ಹಳದಿ. ಮೊದಲು ಒಂದು ಚುಕ್ಕೆ, ಆಮೇಲೆ ಬೆರಳುದ್ದ, ಆಮೇಲೆ ಪೂರ್ತಿ, ಒಂದು ಹನಿ ನೀರು ಬಿಟ್ಟು ನೋಡಿದಳು, ಉಜ್ಜುವ ಮುಂಚೆ ಗುಂಡಗೆ ನಿಂತಿದ್ದ ಹನಿ ಈಗ ಇಂಗಿತು, ಒರೆಸಿ ಆರಿಸಿ ಸಣ್ಣ ಕಾಗದ, ಇನ್ನೂ ಸಣ್ಣದು, ಬಟ್ಟೆಯಲ್ಲಿ ಒಂಚೂರು ಎಣ್ಣೆ, ತನ್ನ ಹೆಬ್ಬೆರಳನ್ನೇ ಈ ತುದಿಯಿಂದ ಆ ತುದಿಗೆ ಎಳೆದಳು, ಎಲ್ಲೂ ನಿಲ್ಲಲಿಲ್ಲ. ಗೋಡೆ ಗಡಿಯಾರದಲ್ಲಿ ನಾಲ್ಕು. ಊಟ ಮುಗಿಸಿ ಕೂತದ್ದು ಒಂದಕ್ಕೆ, ಮೂರು ಗಂಟೆಯ ಕೆಲಸ, ಇಪ್ಪತ್ತೆಂಟು ವರ್ಷದಲ್ಲಿ ಯಾವ ಮಧ್ಯಾಹ್ನ ಬಂದು ಕೇಳಿದ್ದರೂ ಮಾಡಿಕೊಡುತ್ತಿದ್ದಳು, ಒಂದು ಮಾತು, ಬಾಯಲ್ಲಿ ಏನು ಅವಲಕ್ಕಿ ಇತ್ತೇ ಇವನಿಗೆ, ಕೋಪ ಬರುತ್ತಿದೆ, ಕೋಪಕ್ಕಿಂತ ಹೆಚ್ಚಾಗಿ ಅಳು, ಎರಡನ್ನೂ ನುಂಗಿ ತಂತಿ ಹಾಕಿದಳು. ಬರಲಿ, ಕೇಳಿಯೇ ಬಿಡುತ್ತೇನೆ, ಅಂಟುತ್ತಿತ್ತು ಅಂತ ಯಾಕೆ ಹೇಳಲಿಲ್ಲ ಅಂತ. ಚಪ್ಪಲಿ ಬಿಡುವ ಸದ್ದು, ಅಣ್ಣ, ಮಗಳಿಗಾಗಿ ಗಿಟಾರು ಒಯ್ಯಲು ಬಂದವನು ಬಾಗಿಲಲ್ಲೇ ನಿಂತ, ಅಯ್ಯೋ, ಕತ್ತಿನ ಹೊಳಪೆಲ್ಲ ಹೋಯ್ತಲ್ಲೇ, ಎಷ್ಟು ಚೆನ್ನಾಗಿತ್ತು, ಮುಖ ಕಾಣ್ತಿತ್ತು — ಹಿಡಿದು ನೋಡಣ್ಣ ಅಂದಳು, ಗಿಟಾರನ್ನು ಎತ್ತಿ ಅವನ ಕಡೆ ಚಾಚಿದಳು, ಅವನು ಕೈ ನೀಡಿದ, ನೀಡಿದ ಕೈ ನಡುದಾರಿಯಲ್ಲಿ ಹಿಂದೆ ಹೋಯಿತು, ತೊಡೆಯ ಮೇಲೆ, ಎಡ ತೊಡೆಯ ಮೇಲೆ, ಅಂಗೈಯನ್ನು ಒಂದು ಸಲ ಒರೆಸಿಕೊಂಡು, ಆಮೇಲೆ ಕತ್ತು ಹಿಡಿದ.