ತುಳಜಾಳ ಫ್ಲಾಪಿ

ಮುಂಡಗೋಡದ ನನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ನನ್ನನ್ನು ಪ್ರಶ್ನೆ ಕೇಳುವ ಧೈರ್ಯ ಇದ್ದವಳು ತುಳಜಾ ಒಬ್ಬಳೇ. ಸನವಳ್ಳಿ ಕಡೆಯ ಲಂಬಾಣಿ ತಾಂಡಾದ ಹುಡುಗಿ. ಎರಡು ಸಾವಿರದ ಎರಡನೇ ಇಸವಿ ಅದು. ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಿಂದ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಂಡು, ಉಳವಪ್ಪ ಸರ್ ಅಂದರೆ ಏನು ಅಂದುಕೊಂಡಿರಿ ಎಂದು ನಾನು ಮೆರೆಯುತ್ತಿದ್ದೆ. ಕಪ್ಪು ಪರದೆಯ ಮೇಲೆ ಸಾಲುಗಳು ಸರಸರ ಓಡಿದ್ದನ್ನು ನೋಡಿ ಅವಳು ಕೇಳಿದಳು:

"ಸರ, ಮ್ಯಾಲೆ ಹೋದ ಸಾಲು ಎಲ್ಲಿ ಹೋಗ್ತಾವ್ರಿ?"

"ಎಲ್ಲೂ ಹೋಗೂದಿಲ್ಲವ್ವಾ. ಶಿಫ್ಟ್ ಹಿಡಿದು ಪೇಜ್ ಅಪ್ ಒತ್ತು, ತಿರುಗಿ ಬರ್ತಾವ. ಆದ್ರ ನಡುವ ಬ್ಯಾರೆ ಪರದೆಗೆ ಜಿಗಿದಿ ಅಂದ್ರ ಮುಗೀತು, ಮ್ಯಾಲಿಂದೆಲ್ಲಾ ಅಳಿಸಿ ಹೋಗ್ತೈತಿ."

ಒಮ್ಮೆ ಅವಳು ಹಾಗೇ ಜಿಗಿದು ಎಲ್ಲ ಕಳೆದುಕೊಂಡಾಗ ಕ್ಲಾಸಿನ ಎದುರೇ ಬೈದಿದ್ದೆ. "ತಲಿ ಎಲ್ಲಿಟ್ಟಿ? ಮೊದಲ ಕಾಪಿ ಮಾಡ್ಕೋ, ಆಮ್ಯಾಲೆ ನೋಡು!"

ಆ ಮಳೆಗಾಲದಲ್ಲಿ ಮಿದುಳು ಜ್ವರ ಬಂದು ತುಳಜಾ ಮೂರೇ ದಿನಕ್ಕೆ ತೀರಿಕೊಂಡಳು.

ದೀಪಾವಳಿಗೆ ಮುಂಚೆ ಅವಳ ತಾಯಿ ಚಾಂದಿಬಾಯಿ ಬಂದಳು. ಮಗಳ ಚೀಲದಲ್ಲಿ ಸಿಕ್ಕ ಫ್ಲಾಪಿಯನ್ನು ಮೇಜಿನ ಮೇಲಿಟ್ಟಳು. ಅದರ ಚೀಟಿಯ ಮೇಲೆ 'ಯಾಡಿಗೆ' ಎಂದಿತ್ತು. ಅವರ ಮಾತಿನಲ್ಲಿ ಯಾಡಿ ಅಂದರೆ ತಾಯಿ.

"ಗಂಡು ಒಲ್ಲೆ ಅಂದ್ಳಂತ ಹೊಡದಿದ್ದೆ ರೀ ಸರ. ಎಂಟು ದಿನ ನನ್ನ ಕೂಡ ಮಾತಾಡಲಿಲ್ಲ. ಆಮ್ಯಾಲೆ ಜ್ವರ ಬಂತು, ಮಾತೇ ಬರಲಿಲ್ಲ. ಸಿಟ್ಟಿನ್ಯಾಗ ಹೋದ್ಳೋ ಏನೋ, ನನಗ ಅಷ್ಟು ತಿಳಿದ್ರ ಸಾಕು."

ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಕಾಪಿ ಮಾಡಬೇಕಿತ್ತು. ಆ ಮುಖ ನೋಡಿ ತಡೆಯಲಾಗದೆ ಅದರಲ್ಲಿದ್ದುದನ್ನು ನೇರವಾಗಿ ಪರದೆಗೇ ಬಿಟ್ಟೆ. ಡ್ರೈವ್ ಕರಕರ ಎಂದಿತು, ಮೂರು-ನಾಲ್ಕು ಪರದೆಯಷ್ಟು ಅಕ್ಷರ ಓಡಿತು. ಕೊನೆಗೆ ಇನ್ನು ಓದಲಾಗದು ಎನ್ನುವ ಇಂಗ್ಲಿಷ್ ತಕರಾರು ಪರದೆ ತುಂಬ ನಿಂತಿತು. ಪೇಜ್ ಅಪ್ ಒತ್ತಿ ಮೊದಲ ಸಾಲಿಗೆ ಹೋದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಲಂಬಾಣಿ. ಓದಲು ಬರುವ ನನಗೆ ಅರ್ಥವಾಗದು, ಅರ್ಥವಾಗುವ ಅವಳಿಗೆ ಓದಲು ಬಾರದು. ನಾನು ತಡವರಿಸುತ್ತ ಓದಿದೆ, ಅವಳು ಕಣ್ಣು ಮುಚ್ಚಿ ಕೇಳಿದಳು. ಒಂದೆರಡು ಕಡೆ ನಕ್ಕಳು ಕೂಡ. ಮೊದಲ ಪರದೆಯ ಕೊನೆಯ ಸಾಲಿಗೆ ನನ್ನ ಕುರ್ಚಿ ಹಿಡಿದುಕೊಂಡಳು.

"ಏನಂತೈತಿ?" ಎಂದೆ.

"'ಯಾಡಿ, ನೀ ಹೊಡದ ದಿನದಿಂದ ನನ್ನ ಮನಸಿನ್ಯಾಗ' ಅಂತಾಳ್ರಿ. ಮುಂದ ಓದ್ರಿ."

ಅಲ್ಲೇ ನನಗೆ ದೊಡ್ಡಸ್ತಿಕೆ ಬಂತು. "ತಡೀರಿ, ಪೂರಾ ಪ್ರಿಂಟ್ ತಗದು ಕೊಡ್ತೇನಿ. ಮನ್ಯಾಗ ದಿನಾ ಓದಿಸ್ಕೋಬಹುದು."

"ಬ್ಯಾಡ್ರಿ ಸರ, ಮೊದಲ ಮುಂದಿಂದು ಓದ್ರಿ."

ಕೇಳಿದೆನೇ? ಪ್ರಿಂಟರ್ ಸರಿಯಿದೆಯೇ ನೋಡಲು ಇನ್ನೊಂದು ಪರದೆಗೆ ಜಿಗಿದೆ. ಬೆರಳು ಕೀಲಿಯಿಂದ ಏಳುವ ಮೊದಲೇ ಮಾಡಿದ ತಪ್ಪು ಹೊಳೆಯಿತು. ತಿರುಗಿ ಬಂದೆ. ಪರದೆಯ ತುಂಬ ಆ ತಕರಾರಿನ ಸಾಲುಗಳಷ್ಟೇ. ಪೇಜ್ ಅಪ್ ಒತ್ತಿದೆ, ಒತ್ತಿದೆ, ಏನೂ ಅಲುಗಲಿಲ್ಲ. ಫ್ಲಾಪಿ ತೆಗೆದು ಒರೆಸಿ ಹಾಕಿದೆ. ಒಂದು ಅಕ್ಷರವನ್ನೂ ಅದು ಕೊಡಲಿಲ್ಲ. ಇದೇ ತಪ್ಪಿಗೆ ಹತ್ತೊಂಬತ್ತರ ಹುಡುಗಿಗೆ ಬೈದ ಬಾಯಿ ಇದು, ಥೂ ನನ್ನ ಜನ್ಮಕ್ಕೆ!

"ಸರ, ಮ್ಯಾಲೆ ಇದ್ದ ಸಾಲು ಎಲ್ಲಿ ಹೋದ್ವು?" ಚಾಂದಿಬಾಯಿ ಮೆಲ್ಲಗೆ ಕೇಳಿದಳು.

ಮಗಳದೇ ಪ್ರಶ್ನೆ. ನಾಚಿಕೆಗೆ, ಹೆದರಿಕೆಗೆ ಒಂದು ಸುಳ್ಳು ಹೊರಬಿತ್ತು.

"ಮುಂದಿಂದು ನಾ ನೋಡೇನಿ, ಚಾಂದಿಬಾಯಿ. ಸಿಟ್ಟಿಲ್ಲ ಅಂತ ಬರದಾಳ. ಖರೇನ, ಹಂಗ ಇತ್ತು."

ಅವಳು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮಗ ನಮ್ಮ ಮಾತು ಬರೂದಿಲ್ಲಲ್ರಿ ಸರ," ಎಂದಳು.

ಫ್ಲಾಪಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ಸನವಳ್ಳಿ ಕಡೆಯ ಟೆಂಪೋ ಹೋದೀತು ಎಂದು ಹೊರಟುಹೋದಳು.